‘ಮಿತಿಯೊಳಗಿದೆ’ ಸರಿ, ಬಿಸಿಲಿನ ಲೆಕ್ಕ ಎಲ್ಲಿ?

ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾಗಿದ್ದು 2018ರಲ್ಲಿ. ಮೂರನೇ ಹಂತವೂ ಬೇಕು ಅಂತ ಹೋರಾಟಗಾರರು, ನೀರು ಮಿತಿಯೊಳಗಿದೆ ಅಂತ ಸರ್ಕಾರ. ನನಗೆ ತಕರಾರಿರೋದು ಆ ‘ಮಿತಿ’ಯ ಮೇಲೆಯೇ.

1986ರ ಪರಿಸರ ಸಂರಕ್ಷಣಾ ನಿಯಮಗಳು ಕಾರ್ಖಾನೆಗಳಿಗೆ ಹಾಕಿರುವ ಸಾಮಾನ್ಯ ಮಿತಿ ನೋಡಿ: ಹೊಳೆ, ಕೆರೆಗೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತಾಮ್ರ ಇರಬಹುದು. ಅಂದರೆ 3,000 ಮೈಕ್ರೋಗ್ರಾಂ. ಎಷ್ಟೋ ಜಾತಿಯ ಪಾಚಿಗಳ ಬೆಳವಣಿಗೆ ಕುಗ್ಗೋಕೆ ಕೆಲವು ಹತ್ತು ಮೈಕ್ರೋಗ್ರಾಂ ಸಾಕು. ಪಾಚಿ ಸತ್ತರೆ ಒಳ್ಳೇದೇ ಅಲ್ವಾ ಅನ್ನಬೇಡಿ. ಕೆರೆಯ ಮೀನಿನ ಊಟ ಶುರುವಾಗೋದೇ ಅಲ್ಲಿಂದ.

ಇನ್ನು ಬಿಸಿಲು. ಕೊಳೆತ ಎಲೆ, ಕೆಸರಿನಿಂದ ನೀರಿಗೆ ಚಹಾದ ಬಣ್ಣ ಬರುತ್ತಲ್ಲ, ಆ ಸಾವಯವ ಅಂಶ ತಾಮ್ರವನ್ನು ಹಿಡಿದಿಟ್ಟುಕೊಂಡಿರುತ್ತೆ. ಹಾಗೆ ಹಿಡಿತದಲ್ಲಿರುವ ತಾಮ್ರ ಪಾಚಿಗೆ ಅಷ್ಟಾಗಿ ತಟ್ಟಲ್ಲ. ನೇರಳಾತೀತ ಕಿರಣ ಆ ಅಂಶವನ್ನು ಒಡೆದಾಗ ಹಿಡಿತ ಸಡಿಲಗೊಂಡು ತಾಮ್ರ ಬಿಡುಗಡೆಯಾಗಬಹುದು. ನೀರಲ್ಲಿರುವ ಒಟ್ಟು ತಾಮ್ರ ಅಷ್ಟೇ, ವಿಷ ಮಾತ್ರ ಹೆಚ್ಚು.

ಪಾಚಿಯ ಒಳಗೂ ಬೆಳಕಿನದೇ ಆಟ. ಹೆಂಡ್ರಿಕ್ ಕ್ಯುಪ್ಪರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದ್ದು ಇದನ್ನೇ: ಮಂದ ಬೆಳಕಿನಲ್ಲಿ ತಾಮ್ರ ಹರಿತ್ತಿನ ನಡುವಿನ ಮೆಗ್ನೀಸಿಯಂ ಜಾಗಕ್ಕೆ ಬಂದು ಕೂರುತ್ತೆ. ಪ್ರಖರ ಬೆಳಕಿನಲ್ಲಿ ಹಾನಿಯ ದಾರಿಯೇ ಬೇರೆ, ದ್ಯುತಿಸಂಶ್ಲೇಷಣೆಯ ಕೇಂದ್ರಕ್ಕೇ ಪೆಟ್ಟು. ಬಿಸಿಲು ಮೊದಲೇ ಆ ಕೇಂದ್ರವನ್ನು ದಿನಾ ಕೆಡಿಸುತ್ತಿರುತ್ತೆ, ಪಾಚಿ ದಿನಾ ರಿಪೇರಿ ಮಾಡಿಕೊಳ್ಳುತ್ತಿರುತ್ತೆ. ಆ ರಿಪೇರಿಗೂ ತಾಮ್ರ ಅಡ್ಡಗಾಲು.

ಹಾಗಂತ ಸೂರ್ಯ ಖಳನಾಯಕ ಅಲ್ಲ. ಅದೇ ಬಿಸಿಲು ಸಾವಯವ ಅಂಶದ ಜೊತೆ ಸೇರಿ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಕಡಿಮೆ ವಿಷದ ಮೂರು ವೇಲೆನ್ಸಿಯದಾಗಿ ಮಾಡಬಲ್ಲದು, ಮೀಥೈಲ್ ಪಾದರಸವನ್ನು ಒಡೆಯಬಲ್ಲದು. ಯಾವ ಲೋಹ, ಎಂಥ ನೀರು, ಎಷ್ಟು ಆಳ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಆದರೆ ಪಾಚಿ ಪರೀಕ್ಷೆಗೆ ಜಗತ್ತು ಒಪ್ಪಿರುವ ಒಇಸಿಡಿ ವಿಧಾನ 201 ಏನು ಹೇಳುತ್ತೆ? 72 ಗಂಟೆ, ಒಂದೇ ಸಮನಾದ ಬಿಳಿ ಬೆಳಕು, ಸಾಮಾನ್ಯವಾಗಿ ಟ್ಯೂಬ್‌ಲೈಟಿನದು. ನಮ್ಮ ನಡುಹಗಲ ಬಿಸಿಲು ಅದಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಪ್ರಖರ. ಲ್ಯಾಬಿನಲ್ಲಿ ನೇರಳಾತೀತ ಕಿರಣವಂತೂ ಹೆಚ್ಚುಕಡಿಮೆ ಇಲ್ಲ. ಕೋಲಾರದ ಕೆರೆಗಳೋ ಆಳ ಕಡಿಮೆ, ನೀರು ವಾರಗಟ್ಟಲೆ ಬಿಸಿಲು ಕಾಯುತ್ತಾ ನಿಲ್ಲುತ್ತೆ.

ಹೋರಾಟದ ಗೆಳೆಯರಿಗೂ ಒಂದು ಕಿರಿಕಿರಿಯ ಮಾತು. ಮೂರನೇ ಹಂತದಲ್ಲಿ ಸಾವಯವ ಅಂಶವನ್ನಷ್ಟೇ ತೆಗೆದು ಲೋಹವನ್ನು ಬಿಟ್ಟರೆ, ತಾಮ್ರವನ್ನು ಹಿಡಿದಿಟ್ಟಿದ್ದ ಕೈಯನ್ನೇ ಕತ್ತರಿಸಿದಂತೆ. ಹಾಗಾಗಿ ಬೇಡಿಕೆ ಪತ್ರದಲ್ಲಿ ‘ಮೂರನೇ ಹಂತ’ ಅಂತಷ್ಟೇ ಬರೆದರೆ ಸಾಲದು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಬಾಗಿಲಲ್ಲೇ ಲೋಹ ತಡೆಯಿರಿ ಅಂತ ಬರೆಯಿರಿ. ಒಟ್ಟು ಲೋಹದ ಜೊತೆ ಬಿಡಿ ಲೋಹವನ್ನೂ ಅಳೆಯಿರಿ, ಅದೇ ಕೆರೆಯ ನೀರಲ್ಲಿ, ಅದೇ ಪಾಚಿಯ ಮೇಲೆ, ಬಯಲಲ್ಲಿಟ್ಟು ಪರೀಕ್ಷಿಸಿ, ಏಪ್ರಿಲ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಂತ ಬರೆಯಿರಿ.