ಮೊಂಡು ಹಿಡಿಯುವ ಹಳೆಯ ಮೋಟಾರು

ಪೂರ್ತಿಯಾಗಿ ಕೆಟ್ಟು ಕುಳಿತ ಯಂತ್ರಕ್ಕಿಂತಲೂ ಆಗಾಗ ಕೆಟ್ಟು ತಾನಾಗಿಯೇ ಸರಿಹೋಗುವ ಯಂತ್ರವು ಗೃಹಸ್ಥನನ್ನು ಹೆಚ್ಚಾಗಿ ಪೀಡಿಸತಕ್ಕದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಡೆ ತಂದೆಯ ಕಾಲದ ಅಂಬಾಸಡರನ್ನೋ ಪದ್ಮಿನಿಯನ್ನೋ ಅಕ್ಕರೆಯಿಂದ ಇಟ್ಟುಕೊಂಡಿರುವವರಿಗೆ ಈ ಪೀಡೆಯು ಹೊಸದಲ್ಲ. ಮಿಸ್ತ್ರಿಯ ಮುಂದೆ ನಿಲ್ಲಿಸಿದರೆ ಗಾಡಿಯು ಒಂದೇ ತಿರುವಿಗೆ ಹೊರಡುತ್ತದೆ. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೊರಟ ದಿನ ದಾರಿಯಲ್ಲಿ ಮೊಂಡು ಹಿಡಿಯುತ್ತದೆ. ಆಗ ಮಿಸ್ತ್ರಿಯು ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಾಯಿಸುತ್ತಾನೆ, ಯಜಮಾನನು ಹಣ ತೆರುತ್ತಾನೆ, ರೋಗವು ಮಾತ್ರ ಇದ್ದಲ್ಲಿಯೇ ಇರುತ್ತದೆ. ಅಂಬಾಸಡರಿನ ತಯಾರಿಕೆಯು 2014ರಲ್ಲಿಯೇ ನಿಂತುಹೋಯಿತು. ಪದ್ಮಿನಿಯದು ಅದಕ್ಕೂ ಮೊದಲೇ ನಿಂತಿತು. ಆದಕಾರಣ ಒಳ್ಳೆಯ ಹಳೆಯ ಭಾಗವನ್ನು ತೆಗೆದೆಸೆದು ಕಳಪೆಯಾದ ಹೊಸದನ್ನು ಕೂಡಿಸಿದರೆ ನಷ್ಟವು ಇಮ್ಮಡಿಯಾಗುತ್ತದೆ.

ಈ ವಿಷಯದಲ್ಲಿ ನಾವು ವಾಚಕರಿಗೆ ಮುಖ್ಯವಾಗಿ ಹೇಳತಕ್ಕದ್ದು ಇಷ್ಟೇ: ರೋಗವನ್ನು ಅದು ಇರುವ ಗಳಿಗೆಯಲ್ಲಿಯೇ ನೋಡಬೇಕು. ಗಾಡಿ ಹೊರಡದಿದ್ದೊಡನೆ ನಾವು ನಾಲ್ಕು ಜನರನ್ನು ಕರೆದು ನೂಕಿಸುತ್ತೇವೆ, ಬ್ಯಾಟರಿಯ ತಂತಿಗಳನ್ನು ಅಲುಗಿಸುತ್ತೇವೆ, ಇಲ್ಲವೆ ಮರದ ನೆರಳಿನಲ್ಲಿ ಅರ್ಧ ಗಂಟೆ ಕಾಯುತ್ತೇವೆ. ಗಾಡಿಯು ಹೊರಡುತ್ತದೆ ನಿಜ. ಆದರೆ ಕಾರಣವನ್ನು ತೋರಿಸಬಹುದಾಗಿದ್ದ ಸಾಕ್ಷಿಯೂ ಅದರೊಡನೆ ಅಳಿದುಹೋಗುತ್ತದೆ. ಆದುದರಿಂದ ಯಾವುದನ್ನೂ ಮುಟ್ಟುವ ಮೊದಲು ಐದು ನಿಮಿಷ ಪರೀಕ್ಷೆ ಮಾಡತಕ್ಕದ್ದು.

ಮೊದಲು, ಕೀಲಿಯನ್ನು ತಿರುಗಿಸಿದಾಗ ಎಂಜಿನು ಸುತ್ತುವುದೋ ಇಲ್ಲವೋ ನೋಡಿರಿ. ಸುತ್ತದಿದ್ದರೆ ಮುಂದಿನ ದೀಪಗಳನ್ನು ಹೊತ್ತಿಸಿ ಮತ್ತೆ ಕೀಲಿಯನ್ನು ತಿರುಗಿಸಬೇಕು. ದೀಪಗಳು ತೀರ ಮಂಕಾದರೆ ಬ್ಯಾಟರಿಯು ಬಡವಾಗಿದೆ, ಅಥವಾ ಅದರ ಹಿಡಿಕೆಗಳಲ್ಲಿ ಕಿಲುಬು ಸೇರಿದೆ, ಅಥವಾ ಸ್ಟಾರ್ಟರು ಸಿಕ್ಕಿಕೊಂಡಿದೆ. ದೀಪಗಳು ಮೊದಲಿನಂತೆಯೇ ಬೆಳಗುತ್ತಿದ್ದು ಸದ್ದೇ ಇಲ್ಲದಿದ್ದರೆ ವಿದ್ಯುತ್ತು ಸ್ಟಾರ್ಟರಿಗೆ ಮುಟ್ಟುತ್ತಿಲ್ಲ, ಇಲ್ಲವೆ ಮುಟ್ಟಿದರೂ ಅದರ ಸವೆದ ಬ್ರಷ್ಷುಗಳನ್ನು ದಾಟುತ್ತಿಲ್ಲ. ಕೀಲಿಯ ಸ್ವಿಚ್ಚು, ಸೊಲೆನಾಯ್ಡು, ಬ್ರಷ್ಷುಗಳು ಇವನ್ನು ಕ್ರಮವಾಗಿ ನೋಡತಕ್ಕದ್ದು. ವಿಶ್ರಾಂತಿಯಲ್ಲಿರುವ ಪೂರ್ಣ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಬರಿದಾಗಿದೆಯೆಂದು ತಿಳಿಯಬೇಕು.

ಅನೇಕರ ಗಮನಕ್ಕೆ ಬಾರದ ಇನ್ನೊಂದು ಅಂಗವುಂಟು. ಎಂಜಿನು ರಬ್ಬರಿನ ದಿಂಬುಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಗಾಡಿಯ ಮೈಗೂ ಹೆಣೆದ ಅರ್ತ್ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಈ ಪಟ್ಟಿಯು ಹರಿದು ಒಂದೆರಡು ಎಳೆಗಳಲ್ಲಿ ನೇತಾಡುತ್ತಿದ್ದರೆ, ಗಾಡಿ ಕುಲುಕಿದಂತೆ ಒಮ್ಮೆ ತಗಲುತ್ತದೆ, ಒಮ್ಮೆ ತಗಲುವುದಿಲ್ಲ. ಆಗ ವಿದ್ಯುತ್ತು ಚೋಕಿನ ತಂತಿಯ ಮೂಲಕ ದಾರಿ ಹುಡುಕುವುದುಂಟು. ಸ್ಟಾರ್ಟು ಮಾಡುವಾಗ ಆ ತಂತಿಯು ಬಿಸಿಯಾದರೆ ಈ ಪಟ್ಟಿಯನ್ನೇ ಶಂಕಿಸಬೇಕು. ಅಲ್ಪ ವೆಚ್ಚದ ಈ ಪಟ್ಟಿಗಾಗಿ ಸ್ಟಾರ್ಟರನ್ನೇ ಬದಲಾಯಿಸುವುದು ದುಂದುಗಾರಿಕೆಯಲ್ಲದೆ ಮತ್ತೇನು?

ಇನ್ನು ಎಂಜಿನು ಚುರುಕಾಗಿ ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಕಿಡಿ ಇಲ್ಲ, ಇಲ್ಲವೆ ಪೆಟ್ರೋಲು ಇಲ್ಲ. ನಮ್ಮ ಸೀಮೆಯ ಬೇಸಗೆಯಲ್ಲಿ ಈ ತೊಂದರೆಯು ಹೆಚ್ಚು. ಹರಪನಹಳ್ಳಿಯಿಂದ ಬಿಸಿಲಿನಲ್ಲಿ ನೆಟ್ಟಗೆ ಬಂದ ಗಾಡಿಯು ಕೊಟ್ಟೂರಿನಲ್ಲಿ ಕಾಲು ಗಂಟೆ ನಿಂತ ಮೇಲೆ ಹೊರಡುವುದಿಲ್ಲ. ಇದಕ್ಕೆ ಕಾರಣವೇನೆಂದರೆ, ಎಂಜಿನು ನಿಂತೊಡನೆ ಫ್ಯಾನೂ ನೀರಿನ ಓಟವೂ ನಿಂತು, ಅದರ ಕಾವು ಸುತ್ತಲಿನ ಭಾಗಗಳಿಗೆ ಏರುತ್ತದೆ. ಆ ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ಪಂಪಿಗೆ ಸಿಕ್ಕದೆ ಹೋಗಬಹುದು. ಅಥವಾ ಹಳೆಯ ಕಾಯಿಲಿನೊಳಗಿನ ಸಣ್ಣ ತಂತಿಯ ಬಿರುಕು ಹಿಗ್ಗಿ ಕಿಡಿಯು ನಿಲ್ಲಬಹುದು. ಕಂಡೆನ್ಸರಿಗೂ ಕಾವಿನಿಂದ ಇದೇ ಗತಿಯಾಗುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸುವ ರೂಢಿಯು ಒಳ್ಳೆಯದೇ. ಆದರೆ ಆ ಹೊತ್ತಿನಲ್ಲಿ ಕಾಯಿಲೂ ಆರಿರುತ್ತದಾದ್ದರಿಂದ, ಯಾವುದು ಕಾರಣವೆಂದು ಅದರಿಂದ ನಿಶ್ಚಯವಾಗದು. ಬಟ್ಟೆಗೆ ಮೊದಲು ಕಿಡಿಯನ್ನು ನೋಡಬೇಕು. ಬಿಡಿ ಪ್ಲಗ್ಗೊಂದನ್ನು ತಂತಿಗೆ ಸಿಕ್ಕಿಸಿ, ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಎಂಜಿನಿನ ಮೈಗೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಸುತ್ತಿಸಬೇಕು. ನೀಲಿಯಾದ ಗಟ್ಟಿ ಕಿಡಿ ಬಂದರೆ ದೋಷವು ಪೆಟ್ರೋಲಿನ ಕಡೆಯದು; ಕೆಂಪಾದ ಬಡ ಕಿಡಿ ಬಂದರೆ, ಅಥವಾ ಬಾರದಿದ್ದರೆ, ಕಾಯಿಲು, ಕಂಡೆನ್ಸರು, ಪಾಯಿಂಟುಗಳ ಕಡೆಯದು. ಇದನ್ನು ಕಾರ್ಬುರೇಟರಿನಿಂದ ದೂರದಲ್ಲಿ ಮಾಡತಕ್ಕದ್ದು. ಪೆಟ್ರೋಲಿನ ವಾಸನೆಯಿದ್ದಲ್ಲಿ ಮಾಡಲೇಕೂಡದು.

ಪೆಟ್ರೋಲಿನಲ್ಲಿ ಈಚೆಗೆ ಶೇಕಡಾ 20ರವರೆಗೆ ಎಥೆನಾಲನ್ನು ಬೆರೆಸುತ್ತಿರುವುದರಿಂದ, ಹಳೆಯ ಕಾಲದ ರಬ್ಬರು ಕೊಳವೆಗಳು ಮೆತ್ತಗಾಗಿ ಒಡೆಯುವುದುಂಟು. ಅವನ್ನು ಎಥೆನಾಲಿಗೆ ತಾಳುವ ಕೊಳವೆಗಳಿಂದ ಬದಲಾಯಿಸುವುದು ಲೇಸು.

ಗಾಡಿಯಲ್ಲಿ ಸಣ್ಣ ಪುಸ್ತಕವೊಂದನ್ನು ಇಟ್ಟುಕೊಳ್ಳುವುದು ಉತ್ತಮ. ಮೊಂಡು ಹಿಡಿದಾಗಲೆಲ್ಲ ತಾರೀಖು, ಎಂಜಿನು ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಸುತ್ತಿತೋ ಇಲ್ಲವೋ, ಕಿಡಿ ಇತ್ತೋ ಇಲ್ಲವೋ, ಇಷ್ಟನ್ನು ಬರೆದಿಡಬೇಕು. ಇಂಥ ನಾಲ್ಕು ಸಾಲುಗಳು ಬಲ್ಲ ಮಿಸ್ತ್ರಿಗೆ ಹೊಸ ಭಾಗಗಳ ಪೆಟ್ಟಿಗೆಗಿಂತ ಹೆಚ್ಚಿನ ಉಪಕಾರ ಮಾಡುತ್ತವೆ. ಬರೆಯುವುದಕ್ಕೆ ಯಂತ್ರವಿದ್ಯೆಯೂ ಬೇಕಿಲ್ಲ.

ಕೊನೆಯದಾಗಿ ಒಂದು ಮಾತು. ದೋಷವು ಸಿಕ್ಕಿ, ಬಿಸಿಲಿನಲ್ಲಿಯೂ ತಂಪಿನಲ್ಲಿಯೂ ಹಲವು ಸಲ ಪರೀಕ್ಷೆಯಾಗುವವರೆಗೆ, ಹೆರಿಗೆಯ ಹೆಂಗಸನ್ನಾಗಲಿ ಎದೆನೋವಿನ ಹಿರಿಯರನ್ನಾಗಲಿ ಈ ಗಾಡಿಯ ಭರವಸೆಯ ಮೇಲೆ ಕೂರಿಸಕೂಡದು. “ಇಂದು ಬೆಳಿಗ್ಗೆ ಹೊರಟಿತಲ್ಲ” ಎಂಬುದು ವಾಸಿಯಾದುದರ ಗುರುತಲ್ಲ. ಅಂಥ ರಾತ್ರಿ 108ಕ್ಕೆ ಫೋನು ಮಾಡಿರಿ. ಹಳೆಯ ಮೋಟಾರಿನ ಮೇಲಣ ಅಭಿಮಾನವು ಬೆಳಗಾಗುವವರೆಗೆ ಕಾಯಬಲ್ಲದು.