ಚರೆ ಯಾವ ನಂಬರ್ ಅಂತಲ್ಲ, ಯಾವ ಲೋಹ ಅಂತ ಕೇಳಿ

ಹೋದ ದಸರಾಕ್ಕೆ ಕೂಡ್ಲಿಗಿ ಕಡೆ ನಮ್ಮೂರಿಗೆ ಹೋದಾಗ ಮಾವ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಕೂತಿದ್ದರು. ಹೋಳಿಗೆಗೆ ಬೇಳೆ ಇಟ್ಟಿದಾರೇನೋ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಹಳೇ ಕಬ್ಬಿಣದ ಬಾಣಲಿಯಲ್ಲಿ ಸೀಸ ಕರಗುತ್ತಿತ್ತು. ಪಕ್ಕದಲ್ಲಿ ಒಡೆದು ಹಾಕಿದ ಇನ್ವರ್ಟರ್ ಬ್ಯಾಟರಿ. ಅದರ ಪಕ್ಕದಲ್ಲೇ ಮಣ್ಣಲ್ಲಿ ಆಡುತ್ತಿದ್ದ ನಾಲ್ಕು ವರ್ಷದ ಮೊಮ್ಮಗಳು.

"ಏನ್ ಮಾವ ಇದು?"

"ಚರೆ ಮಾಡಾಕತ್ತೀನಿ ಅಳಿಯಾ. ಶೇಂಗಾ ಹೊಲಕ್ಕ ಹಂದಿ ಬೀಳಾಕತ್ತ್ಯಾವು. ನೀ ಬೆಂಗಳೂರಾಗ ಕುಂತವ, ನಿನಗೇನ್ ಗೊತ್ತು?"

ಅವರ ಅಪ್ಪನ ಕಾಲದ ಕೋವಿ ಅದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದೆ. ಕಟ್ಟೆ ಮೇಲೆ ಕೂತ ನಾಲ್ಕು ಜನ ಜೋರಾಗಿ ವಾದ ಮಾಡ್ತಿದ್ದರು. ಒಬ್ಬರಿಗೆ 4ನೇ ನಂಬರ್ ಸಾಕು, ಇನ್ನೊಬ್ಬರಿಗೆ ಬಿ.ಬಿ. ಬೇಕು, ಮತ್ತೊಬ್ಬರು ಎಸ್.ಜಿ.ಗಿಂತ ಕೆಳಗೆ ಇಳಿಯಲ್ಲ. ಸೀಸ ಮೆತ್ತಗಿದ್ರೆ ನಳಿಗೆಯಲ್ಲೇ ಚಪ್ಪಟೆಯಾಗಿ ಎಲ್ಲೆಲ್ಲೋ ಹೋಗ್ತದೆ, ಆಂಟಿಮನಿ ಬೆರೆಸಿದ ಗಟ್ಟಿ ಚರೆ ನೆಟ್ಟಗೆ ಹೋಗ್ತದೆ ಅಂತ ಒಬ್ಬರ ಪಾಠ ಬೇರೆ. ಎಲ್ಲವೂ ನಿಜವೇ. ಆದರೆ ಬಾಣಲಿಯಲ್ಲಿ ಕುದಿಯುತ್ತಿರೋದು ವಿಷ ಅನ್ನೋ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಚರೆ ಆರಿಸೋದು ಅಂದ್ರೆ ಗಾತ್ರ ಆರಿಸೋದು ಅಂತಲೇ ನಾವು ತಿಳಿದಿದ್ದೇವೆ. ಲೋಹ ಯಾವುದು ಅನ್ನೋ ಪ್ರಶ್ನೆ ಹುಟ್ಟೋದೇ ಇಲ್ಲ. ಯಾಕಂದ್ರೆ ಸೀಸ ಅಷ್ಟು ಹಳೇ ನೆಂಟ. '12 ಬೋರ್' ಅನ್ನೋ ಹೆಸರೇ ಸೀಸದ ಲೆಕ್ಕ: ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದು ಗುಂಡಿನ ಅಗಲ ಎಷ್ಟೋ, ನಳಿಗೆಯ ಅಗಲ ಅಷ್ಟು. ಸೀಸ ಅಗ್ಗ, ಭಾರ, 327 ಡಿಗ್ರಿಗೆ ಕರಗುತ್ತೆ, ಹಿತ್ತಲ ಒಲೆ ಸಾಕು. ಇದಕ್ಕಿಂತ ಅನುಕೂಲದ ಲೋಹ ಇನ್ನೊಂದಿಲ್ಲ, ಒಪ್ಪಿದೆ.

ಆದರೆ ಹಾರಿದ ಚರೆಯೆಲ್ಲ ಹಂದಿಗೆ ತಗಲುತ್ತಾ? 6ನೇ ನಂಬರಿನದಾದ್ರೆ ಒಂದೇ ತೋಟಾದಲ್ಲಿ ಇನ್ನೂರಕ್ಕೂ ಹೆಚ್ಚು ಕಾಳು. ಗುರಿ ತಪ್ಪಿದ್ದೆಲ್ಲ ಹೊಲದಲ್ಲಿ, ಹಳ್ಳದಲ್ಲಿ, ಕೆರೆ ಅಂಗಳದಲ್ಲಿ ಬೀಳುತ್ತೆ. ಅಲ್ಲಿಗೆ ಅದರ ಕೆಲಸ ಮುಗಿಯಲ್ಲ. ಹಲ್ಲಿಲ್ಲದ ಹಕ್ಕಿ ಸಣ್ಣ ಕಲ್ಲು ನುಂಗಿ, ಅದರಿಂದ ಕಾಳು ಅರೆಯುತ್ತೆ. ಚಿಕನ್ ಅಂಗಡಿಯಲ್ಲಿ ಕಂದನಕಾಯಿ ಅಂತ ಕೇಳಿ ತಗೋತೀವಲ್ಲ, ಆ ಗಟ್ಟಿ ಸ್ನಾಯುವಿನ ಕೆಲಸವೇ ಅದು. ಬಾತುಕೋಳಿಗೆ ಕಲ್ಲು ಯಾವುದು, ಚರೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ನುಂಗಿದ ಸೀಸ ಒಳಗೆ ಸವೆದು ರಕ್ತ ಸೇರುತ್ತೆ. ಒಂದೆರಡು ಚರೆ ಸಾಕು, ಕೋವಿಯನ್ನೇ ಕಾಣದ ಹಕ್ಕಿ ಸಾಯೋಕೆ. ಸತ್ತ ಬಾತುಕೋಳಿಯನ್ನು ತಿಂದ ಹದ್ದೂ ಸಾಯುತ್ತೆ.

ಅಮೆರಿಕದಲ್ಲಿ ಇದನ್ನು ಕಣ್ಣಾರೆ ಕಂಡೇ 1991ರಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ನಿಷೇಧಿಸಿದರು. ಡೆನ್ಮಾರ್ಕ್ 1996ರಲ್ಲಿ ಪೂರ್ತಿ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಬೇಡ ಅಂದಿತು. ಇವೆಲ್ಲ ಬೇಟೆ ವಿರೋಧಿಗಳ ನಾಡಲ್ಲ, ಬೇಟೆಯನ್ನು ಹಬ್ಬದಂತೆ ಆಚರಿಸೋ ನಾಡುಗಳು.

ನಮ್ಮಲ್ಲಿ? ಕೇಳಿದರೆ ಸಿದ್ಧ ಉತ್ತರ: "1972ರ ಕಾಯ್ದೆ ಬಂದಮೇಲೆ ಬೇಟೆಯೇ ಇಲ್ಲ, ಚರೆ ಮಾತು ಯಾಕೆ?" ಆಹಾ! ಬೇಟೆ ಇಲ್ಲ ಅಂತ ಕಾಗದ ಹೇಳುತ್ತೆ, ಹಿತ್ತಲ ಒಲೆ ಬೇರೆ ಹೇಳುತ್ತೆ. 1959ರ ಶಸ್ತ್ರ ಕಾಯ್ದೆಗೆ ಕೋವಿ ಯಾರ ಕೈಲಿದೆ ಅನ್ನೋ ಚಿಂತೆ. ತೋಟಾ ತುಂಬೋಕೂ ಲೈಸೆನ್ಸ್ ಕೇಳುತ್ತೆ. ಆದರೆ ಬೆಳೆ ಕಾಯೋಕೆ ಅಂತ ಸರ್ಕಾರವೇ ಲೈಸೆನ್ಸ್ ಕೊಟ್ಟ ನಳಿಗೆಯಿಂದ ಏನು ಹೊರಬಿದ್ದು ಎಲ್ಲಿ ಸೇರುತ್ತೆ ಅನ್ನೋದು ಯಾರ ಚಿಂತೆಯೂ ಅಲ್ಲ.

ಕೂಡ್ಲಿಗಿಯಿಂದ ಒಂದು ತಾಸಿನ ದಾರಿಯಲ್ಲಿ, ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ ಅಂಕಸಮುದ್ರ ಇದೆ. ನೂರು ಹೆಕ್ಟೇರೂ ಇಲ್ಲದ ಹಳೇ ಕೆರೆ. ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಅಲ್ಲಿ ಗೂಡು ಕಟ್ಟುತ್ತವೆ. 2024ರ ಜನವರಿಯಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು ಅಂತ ನಾವೆಲ್ಲ ಸ್ಟೇಟಸ್ ಹಾಕಿದ್ವಿ, ನಾನೂ ಹಾಕಿದೆ. ಆ ಕೆರೆಯಲ್ಲಿ ಸೀಸ ಇದೆ ಅಂತ ನಾನು ಹೇಳ್ತಿಲ್ಲ. ಹಕ್ಕಿ ಸಾಯೋತನಕ ಕಾಯಬೇಕಾ ಅಂತ ಕೇಳ್ತಿದ್ದೀನಿ.

"ಹಕ್ಕಿ ಚಿಂತೆ ನಿಮಗೆ, ಹೊಲದ ಚಿಂತೆ ನಮಗೆ" ಅಂದ್ರು ಮಾವ. ನ್ಯಾಯವಾದ ಮಾತು. ಒಂದು ರಾತ್ರಿಯಲ್ಲಿ ಹಂದಿ ಹಿಂಡು ಉತ್ತು ಹಾಕಿದ ಶೇಂಗಾ ಹೊಲದ ಮುಂದೆ ನಿಂತು ರೈತನಿಗೆ ಪರಿಸರದ ಪಾಠ ಹೇಳೋಕೆ ನನಗೆ ನಾಲಿಗೆ ಏಳಲ್ಲ. ಆದ್ದರಿಂದ ಹಕ್ಕಿ ಬಿಡಿ, ಮೊಮ್ಮಗಳ ಮಾತು ಆಡೋಣ. ಮಕ್ಕಳ ದೇಹ ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತೆ. ಅದು ಮೂಳೆಯಲ್ಲಿ ಕೂತು, ಬೆಳೆಯೋ ಮಿದುಳನ್ನು ಕೆಡಿಸುತ್ತೆ. ಇಷ್ಟಿದ್ದರೆ ಅಪಾಯವಿಲ್ಲ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. 2020ರ ಯುನಿಸೆಫ್ ವರದಿ ಪ್ರಕಾರ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಸೀಸ ಮಿತಿ ಮೀರಿದೆ, ಹಳೇ ಬ್ಯಾಟರಿ ಒಡೆದು ಕರಗಿಸೋದು ಅದಕ್ಕೊಂದು ದೊಡ್ಡ ಕಾರಣ. ಹಂದಿಯಿಂದ ಬೆಳೆ ಉಳಿಸಿಕೊಂಡು ಮಗುವಿಗೆ ವಿಷ ಉಣಿಸೋದು ಯಾವ ಸೀಮೆಯ ಲಾಭ?

ಬದಲಿ ಇಲ್ಲವಾ? ಇದೆ, ಸುಲಭ ಇಲ್ಲ. ಉಕ್ಕಿನ ಚರೆ ಹಗುರ, ಗಾತ್ರ ಒಂದೆರಡು ನಂಬರ್ ದೊಡ್ಡದು ಬೇಕು, ಹಳೇ ಕೋವಿಯ ಮೆತ್ತನೆ ನಳಿಗೆಗೆ ಆಗಿಬರಲ್ಲ. ಬಿಸ್ಮತ್ ಹೆಚ್ಚುಕಡಿಮೆ ಸೀಸದ ಹಾಗೇ ನಡೆಯುತ್ತೆ, ಬೆಲೆ ಮಾತ್ರ ಮಾವನ ಕೈಗೆ ಎಟುಕಲ್ಲ. ಹಾಗಾದ್ರೆ ಲೈಸೆನ್ಸ್ ಕೊಡೋ ಸರ್ಕಾರವೇ ಆ ಖರ್ಚು ಹೊರಲಿ. ಇಲ್ಲವೇ ಕೋವಿಯೇ ಬೇಡ ಅನ್ನೋ ಹಾಗೆ ಸೋಲಾರ್ ಬೇಲಿಗೆ ದುಡ್ಡು ಕೊಡಲಿ, ಬೆಳೆ ಪರಿಹಾರ ಸಮಯಕ್ಕೆ ಕೊಡಲಿ. ಸೀಸ ನಿಲ್ಲಿಸೋ ಭಾರವನ್ನು ಎರಡೆಕರೆ ಶೇಂಗಾದವನ ತಲೆ ಮೇಲೆ ಹೊರಿಸಿದರೆ ಅದು ನಿಲ್ಲಲ್ಲ.

ಈಗ ನಿಮ್ಮ ಸರದಿ. ಮಾವನ ಬಾಣಲಿಗೆ ಬಂದ ಆ ಬ್ಯಾಟರಿ ಯಾರದು ಗೊತ್ತಾ? ನನ್ನದೇ. ಬೆಂಗಳೂರಿನ ಫ್ಲ್ಯಾಟ್‌ಗೆ ಹೊಸದು ತಂದಾಗ, "ಊರಲ್ಲಿ ಯಾವುದಕ್ಕಾದರೂ ಆಗುತ್ತೆ" ಅಂತ ಕಾರಿನ ಡಿಕ್ಕಿಯಲ್ಲಿ ನಾನೇ ಹಾಕ್ಕೊಂಡು ಹೋಗಿದ್ದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿಯನ್ನು ವಾಪಸ್ ತಗೊಳ್ಳೋ ಹೊಣೆ ತಯಾರಕರದು. ಅಂಗಡಿಯಲ್ಲೇ ಕೊಟ್ಟು ಬರಬಹುದಿತ್ತು. ನೀವಾದರೂ ಕೊಟ್ಟು ಬನ್ನಿ, ರಸೀದಿ ಕೇಳಿ ಇಸ್ಕೊಳ್ಳಿ.

ಮಾವ ಅವತ್ತು ಬಾಣಲಿ ಇಳಿಸಲಿಲ್ಲ. ಮೊಮ್ಮಗಳನ್ನು ಮಾತ್ರ ಎತ್ತಿ ಒಳಗೆ ಕಳಿಸಿದರು. ಅಷ್ಟಾದರೂ ಆಯ್ತಲ್ಲ ಅಂತ ಸುಮ್ಮನಾದೆ. ಸುಮ್ಮನಾಗಬಾರದಿತ್ತು, ಅದಕ್ಕೇ ಇಷ್ಟು ಬರೆದೆ.