ಮನೆವಾರ್ತೆ: ಲ್ಯಾಪ್‌ಟಾಪಿನೊಳಗೆ 'ಟಿಕ್ ಟಿಕ್' ಸದ್ದು



ಮಿಕ್ಸಿಯ ಸದ್ದು ಒಂಚೂರು ಬದಲಾದರೆ ನಮಗೆ ತಟ್ಟನೆ ತಿಳಿಯುತ್ತದೆ. ಕುಕ್ಕರು ಸರಿಯಾಗಿ ಕೂಗದಿದ್ದರೆ 'ಗ್ಯಾಸ್ಕೆಟ್ ಹೋಯ್ತು' ಅಂತ ನಡುಮನೆಯಿಂದಲೇ ಹೇಳಿಬಿಡುತ್ತೇವೆ. ಅಂಥ ನಾನು, ಕಳೆದ ವರ್ಷ ನಮ್ಮ ಲ್ಯಾಪ್‌ಟಾಪಿನಿಂದ ಎಂಟು ದಿನ 'ಟಿಕ್ ಟಿಕ್' ಎಂದು ಸದ್ದು ಬಂದರೂ ಗೋಡೆ ಗಡಿಯಾರವಿರಬೇಕು ಅಂದುಕೊಂಡು ಸುಮ್ಮನಿದ್ದೆ. ಒಂಬತ್ತನೆಯ ದಿನ ಪರದೆ ಕಪ್ಪಾಯಿತು. ಡಿಸ್ಕ್ ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಬಂತು, ಅಷ್ಟೆ.

ಅದರಲ್ಲಿ ಏನಿತ್ತು ಅಂತೀರಾ? ಮಗಳ ಮದುವೆಯ ಫೋಟೋಗಳು, ನನ್ನ ಹಪ್ಪಳ ಸಂಡಿಗೆ ವ್ಯಾಪಾರದ ಮೂರು ವರ್ಷದ ಲೆಕ್ಕ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮತ್ತೆಯವರು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ ಹಲಸಿನ ಹಪ್ಪಳದ ಹದ ತೋರಿಸುತ್ತ ಮಾತಾಡಿದ ಹನ್ನೊಂದು ನಿಮಿಷದ ವಿಡಿಯೋ. ಫೋನಿನಲ್ಲಿ ಜಾಗವಿಲ್ಲವೆಂದು ಅದನ್ನು ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ನನ್ನ ಕೈಯಾರೆ ಅಳಿಸಿದ್ದೆ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಈ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಇರುತ್ತದೆ. ಲ್ಯಾಪ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಪುಟ್ಟ ತೋಳೊಂದು ತಟ್ಟೆಗೆ ತಾಗದ ಹಾಗೆ, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಆ ತೋಳು ದಾರಿ ಕಾಣದೆ ಮತ್ತೆ ಮತ್ತೆ ತಡಕಾಡುವುದೇ ಆ 'ಟಿಕ್'. ತಟ್ಟೆಗೆ ತಾಗಿತೋ, ಅಲ್ಲಿದ್ದುದು ಕೆರೆದುಹೋದ ಹಾಗೆಯೇ. ಆದ್ದರಿಂದ ಸದ್ದು ಕೇಳಿದೊಡನೆ ಆರಿಸಿಬಿಡಿ. 'ಇನ್ನೊಂದು ಸಲ ಹಾಕಿ ನೋಡೋಣ' ಅನ್ನಬೇಡಿ. ನಾನು ಹತ್ತು ಸಲ ಹಾಕಿ ನೋಡಿದೆ ಕಣ್ರೀ! ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವವರೂ ಉಂಟು. ಹೊರತೆಗೆದೊಡನೆ ಒಳಗೆಲ್ಲ ನೀರು ಬೆವರುತ್ತದೆ, ಆ ಗೊಡವೆ ಬೇಡ. ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ನಿಮ್ಮ ಪುಣ್ಯ. ಅಂದೇ ಎಲ್ಲವನ್ನೂ ಬೇರೆಡೆ ಕಾಪಿ ಮಾಡಿಕೊಳ್ಳಿ.

ರಿಪೇರಿ ಅಂಗಡಿಯವನು "ಹೊಸದು ಹಾಕಿಕೊಡ್ತೀನಿ ಅಮ್ಮ, ಹಳೇದು ಇಲ್ಲೇ ಬಿಟ್ಹೋಗಿ" ಅಂದ. ನಾನು ಬಿಡಲಿಲ್ಲ. ಹಳೆಯ ಡಿಸ್ಕಿನಲ್ಲಿ ನಮ್ಮ ಮನೆಯೇ ಇರುತ್ತದಲ್ಲ! ವಾರಂಟಿ ಉಳಿದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನವರೂ ಹಳೆಯದನ್ನು ಇಟ್ಟುಕೊಳ್ಳುವುದುಂಟು, ಮೊದಲೇ ಕೇಳಿ.

ಕೊನೆಗೆ ತಂಗಿಯ ಮಗ ಫೋನಿನಲ್ಲೇ ಧೈರ್ಯ ಹೇಳಿದ, "ದೊಡ್ಡಮ್ಮ, ನೀವೇ ಬಿಚ್ಚಿ, ನಾನು ಹೇಳ್ತೀನಿ." ಬದಲಾಯಿಸುವುದು ನಿಜಕ್ಕೂ ಸುಲಭ. ಕೊಳ್ಳುವಾಗಲೇ ಸ್ವಲ್ಪ ಎಚ್ಚರ ಬೇಕು: ಎರಡೂವರೆ ಇಂಚಿನ 'ಸಾಟಾ' ಎಸ್ಸೆಸ್ಡಿ ಎಂದು ಕೇಳಿ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಸದ್ದೂ ಇಲ್ಲ. ತೀರ ತೆಳ್ಳಗಿನ ಹೊಸ ಲ್ಯಾಪ್‌ಟಾಪುಗಳಿಗೆ ಇದು ಹೊಂದುವುದಿಲ್ಲ, ಮಾಡೆಲ್ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ.

ನೈಲಾನ್ ಸೀರೆ ಉಟ್ಟು ಕೂರಬೇಡಿ, ಅದರ ಚುರುಕ್ ಎನ್ನುವ ಕರೆಂಟು ಒಳಗಿನ ಭಾಗಗಳಿಗೆ ಆಗದು. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಪೂರ್ತಿ ಆರಿಸಿ. ಬ್ಯಾಟರಿ ಹೊರಗೇ ಇದ್ದರೆ ಕಳಚಿ. ಒಳಗಿದ್ದರೆ ಮುಚ್ಚಳ ತೆಗೆದ ಮೇಲೆ ಮೊದಲು ಅದರ ತಂತಿ ಬಿಡಿಸಿ. ಹೊಲಿಗೆ ಮಿಷನ್ನಿನ ಚಪ್ಪಟೆ ಸ್ಕ್ರೂಡ್ರೈವರ್ ನಡೆಯದು, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಸ್ಕ್ರೂಗಳಲ್ಲಿ ಉದ್ದ ಗಿಡ್ಡ ಎಂದು ಇರುತ್ತವೆ. ನಾನು ಇಡ್ಲಿ ತಟ್ಟೆಗೆ ಬಟ್ಟೆ ಹಾಸಿ ಒಂದೊಂದು ಗುಳಿಯಲ್ಲಿ ಒಂದೊಂದು ಕಡೆಯವನ್ನು ಇಟ್ಟೆ. (ನಮ್ಮವರು ಬಂದು ನೋಡಿ, ಇವತ್ತು ಕಬ್ಬಿಣದ ಇಡ್ಲಿಯೇ ಅಂದರು.) ಡಿಸ್ಕಿನ ಸುತ್ತಲಿನ ತಗಡಿನ ಚೌಕಟ್ಟನ್ನು ಎಸೆಯಬೇಡಿ, ಹೊಸದಕ್ಕೂ ಅದೇ ಬೇಕು. ಎಳೆಯುವಾಗ ಮೇಲಕ್ಕೆತ್ತದೆ ಪಕ್ಕಕ್ಕೆ ಜಾರಿಸಿ. ಆಮೇಲೆ ಪೆನ್ ಡ್ರೈವಿನಿಂದ ವಿಂಡೋಸ್ ಹಾಕಿದ್ದಾಯಿತು. ಮೊದಲಿನದು ಅಸಲಿಯಾಗಿದ್ದರೆ ಸಾಮಾನ್ಯವಾಗಿ ಮತ್ತೆ ದುಡ್ಡು ಕೊಡಬೇಕಿಲ್ಲ.

ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪ್ ಹೊಸದರಂತೆ ಓಡಿತು. ಖಾಲಿ ಮನೆಯ ಹಾಗೆ!

ಮದುವೆಯ ಫೋಟೋ ಬೀಗರ ಮನೆಯಿಂದ ಸಿಕ್ಕಿತು. ಹಳೆಯ ಡಿಸ್ಕನ್ನು ಬೆಂಗಳೂರಿನಲ್ಲಿ ಮಾಹಿತಿ ತೆಗೆದುಕೊಡುವವರಿಗೆ ಕಳಿಸಿದೆವು. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುತ್ತಾರಂತೆ. ಹಪ್ಪಳದ ಒಂದು ಸೀಜನ್ನಿನ ಲಾಭ ಅದಕ್ಕೇ ಹೋಯಿತು. ಲೆಕ್ಕ ಬರಲಿಲ್ಲ. ವಿಡಿಯೋ ಬಂತು, ನಾಲ್ಕು ನಿಮಿಷ ಮಾತ್ರ. ಅತ್ತೆ ಬೇಯಿಸಿದ ಸೊಳೆ ಕುಟ್ಟುತ್ತ "ಉಪ್ಪು ಮಾತ್ರ ನೋಡೇ..." ಅನ್ನುವಲ್ಲಿಗೆ ನಿಂತುಬಿಡುತ್ತದೆ. ಈಗ ಅದರ ಮೂರು ಪ್ರತಿ ಇವೆ; ಒಂದು ಮಗಳ ಮನೆಯಲ್ಲಿ.

ಉಪ್ಪಿನ ಅಳತೆಗೆ ನಾದಿನಿಯನ್ನು ಕೇಳಿದ್ದೇನೆ. ಅವರಿಗೆ ನೆನಪಿದ್ದರೆ ಮುಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳ ಬರೆಯುತ್ತೇನೆ.